ಒತ್ತಡಕ್ಕೆ ಒಂದು ಹೊಸ ಚಿತ್ರ



ಒಂದು ಬಿಳಿ ಹಾಳೆ ಮತ್ತು ಒಂದು ಪೆನ್ಸಿಲನ್ನು ಕೈಗೆತ್ತಿಕೊಳ್ಳಿ. 'ಒತ್ತಡ' ಎಂಬ ಮಾತು ಕೇಳಿದ ಕೂಡಲೇ ನಿಮ್ಮ ಮನಸ್ಸಿಗೆ ಬರುವ ಚಿತ್ರವನ್ನು ಅದರ ಮೇಲೆ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ನಾಲ್ಕು ಗೆರೆಗಳಾದರೂ ಸಾಕು.

ನಿಮ್ಮಲ್ಲಿ ಹೆಚ್ಚಿನವರು ಏನು ಬರೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ತಲೆಯ ಮೇಲೆ ಕೈ ಹೊತ್ತು ಕುಳಿತ ಹುಡುಗ, ಪುಸ್ತಕಗಳ ರಾಶಿಯ ಕೆಳಗೆ ಸಿಕ್ಕಿಕೊಂಡ ಹುಡುಗಿ, ಹೊಗೆಯಾಡುವ ತಲೆ, ಕಪ್ಪು ಮೋಡ, ಅಟ್ಟಿಸಿಕೊಂಡು ಬರುವ ಗಡಿಯಾರ. ಒತ್ತಡದ ಬಗ್ಗೆ ಪತ್ರಿಕೆಯಲ್ಲಿ ಲೇಖನ ಬಂದರೂ ಅದರ ಪಕ್ಕದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಇಂಥದೇ ಚಿತ್ರ. ಅಂದರೆ, ಪರೀಕ್ಷೆಯ ಕೊಠಡಿಗೆ ಕಾಲಿಡುವ ಮೊದಲೇ ನಮ್ಮ ತಲೆಯೊಳಗೆ ಒಂದು ಭಿತ್ತಿಪತ್ರ ಅಂಟಿಸಿ ಆಗಿರುತ್ತದೆ. 'ಒತ್ತಡ ಬಂತೆಂದರೆ ನೀನು ಕುಸಿದೆ' ಎಂಬುದೇ ಅದರ ಮೇಲಿನ ಬರಹ.

ಈ ಚಿತ್ರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇದನ್ನು ಬದಲಿಸಿ ಬರೆಯಲು ಸಾಧ್ಯವೇ? ಗೆರೆ, ಬಣ್ಣ, ಅಕ್ಷರ ಇವುಗಳನ್ನು ಬಳಸಿ ಸಂದೇಶ ಮುಟ್ಟಿಸುವ ಗ್ರಾಫಿಕ್ ಡಿಸೈನ್ ಎಂಬ ಕಲೆ ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ನೆರವಾಗಬಲ್ಲುದೇ? ಈ ಪ್ರಶ್ನೆಯನ್ನು ಇಂದು ನಾವು ಕೂಡಿ ವಿಚಾರಿಸೋಣ.

ಮೊದಲು, ಒತ್ತಡ ಎಂದರೇನು? ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಬಗೆಬಗೆಯ ಕಷ್ಟಗಳಿಗೆ ದೇಹ ತೋರುವ ಪ್ರತಿಕ್ರಿಯೆಯಲ್ಲಿ ಒಂದು ಸಮಾನವಾದ ಅಂಶವಿದೆ ಎಂಬುದು ಅದರ ಸಾರ. ಮುಂದೆ ಈ ಪ್ರತಿಕ್ರಿಯೆಗೆ 'ಸ್ಟ್ರೆಸ್' ಎಂಬ ಹೆಸರು ನಿಂತಿತು. ಅದೇ ಸೆಲ್ಯೆಯವರು 1970ರ ದಶಕದಲ್ಲಿ ಇನ್ನೊಂದು ಮಾತನ್ನು ಸೇರಿಸಿದರು. ಒತ್ತಡದಲ್ಲಿ ಎರಡು ಬಗೆಗಳಿವೆ. ನಮ್ಮನ್ನು ಕುಗ್ಗಿಸುವುದು 'ಡಿಸ್ಟ್ರೆಸ್', ನಮ್ಮನ್ನು ಕೆಲಸಕ್ಕೆ ಅಣಿಗೊಳಿಸುವುದು 'ಯೂಸ್ಟ್ರೆಸ್'. 'ಯೂ' ಎಂದರೆ ಗ್ರೀಕ್ ಭಾಷೆಯಲ್ಲಿ ಒಳ್ಳೆಯದು ಎಂದರ್ಥ. ಮೊದಲನೆಯ ಮಾತು ಲೋಕಪ್ರಸಿದ್ಧವಾಯಿತು. ಎರಡನೆಯದು ಗ್ರಂಥಾಲಯದ ಕಪಾಟಿನಲ್ಲಿಯೇ ಹೆಚ್ಚು ಕಾಲ ಉಳಿಯಿತು.

ನಮ್ಮ ಸಂಗೀತಗಾರರಿಗೆ ಇದು ಹೊಸ ವಿಷಯವೇನಲ್ಲ. ತಂಬೂರಿಯ ತಂತಿ ಸಡಿಲವಾಗಿದ್ದರೆ ನಾದ ಹೊರಡುವುದಿಲ್ಲ. ಬಿರಡೆಯನ್ನು ಅತಿಯಾಗಿ ತಿರುಗಿಸಿದರೆ ತಂತಿಯೇ ಹರಿಯುತ್ತದೆ. ಬೇಕಾದದ್ದು ಬಿಗಿಯೂ ಅಲ್ಲ, ಸಡಿಲವೂ ಅಲ್ಲ, ಶ್ರುತಿ.

ಪ್ರಶ್ನೆಪತ್ರಿಕೆ ಕೈಗೆ ಬರುವ ಐದು ನಿಮಿಷ ಮೊದಲು ನಿಮ್ಮ ದೇಹದಲ್ಲಿ ಏನಾಗುತ್ತದೆಂಬುದನ್ನು ನೆನಪಿಗೆ ತಂದುಕೊಳ್ಳಿ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ಚುರುಕಾಗುತ್ತದೆ. ಅಂಗೈ ಬೆವರುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ; ರಕ್ತದಲ್ಲಿ ಸಕ್ಕರೆಯ ಅಂಶ ಏರುತ್ತದೆ; ಗಮನ ಒಂದೆಡೆ ಸೇರುತ್ತದೆ. ಇದನ್ನೇ ನೀವು 'ಭಯ' ಎಂದು ಓದಿಕೊಳ್ಳಬಹುದು. 'ದೇಹ ಸಿದ್ಧವಾಗುತ್ತಿದೆ' ಎಂದೂ ಓದಿಕೊಳ್ಳಬಹುದು. ಓಟದ ಸ್ಪರ್ಧೆಯ ಗೆರೆಯ ಮೇಲೆ ನಿಂತ ಹುಡುಗಿಯ ಎದೆಯೂ ಹೀಗೆಯೇ ಬಡಿದುಕೊಳ್ಳುತ್ತದೆ. ಅದನ್ನು ಆಕೆ ಕಾಯಿಲೆ ಎಂದು ಕರೆಯುವುದಿಲ್ಲ.

ಓದಿಕೊಳ್ಳುವ ರೀತಿ ಬದಲಾದರೆ ಫಲವೂ ಬದಲಾಗುವುದೇ? ಅಮೆರಿಕದ ಮನೋವಿಜ್ಞಾನಿ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು 2010ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ನಾತಕೋತ್ತರ ಪ್ರವೇಶಕ್ಕೆ ಅಲ್ಲಿ ಬರೆಯಬೇಕಾದ ಜಿಆರ್‌ಇ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರಿಗೆ, 'ಪರೀಕ್ಷೆಯ ಹೊತ್ತಿನ ತಳಮಳ ಹಾನಿ ಮಾಡುವುದಿಲ್ಲ; ಅದು ನೆರವಾಗಲೂಬಹುದು' ಎಂಬ ಅರ್ಥದ ಕೆಲವು ವಾಕ್ಯಗಳನ್ನು ತಿಳಿಸಲಾಯಿತು. ಉಳಿದವರಿಗೆ ಏನೂ ಹೇಳಲಿಲ್ಲ. ಮಾದರಿ ಪರೀಕ್ಷೆಯ ಗಣಿತ ಭಾಗದಲ್ಲಿ ಮೊದಲ ಗುಂಪು ಹೆಚ್ಚು ಅಂಕ ಗಳಿಸಿತು. ಮುಂದೆ ನಿಜವಾದ ಪರೀಕ್ಷೆಯಲ್ಲಿಯೂ ಗಣಿತದಲ್ಲಿ ಅದೇ ಗುಂಪು ಮುಂದಿತ್ತು.

ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರದ್ದು. ಏಲಿಯಾ ಕ್ರಮ್, ಪೀಟರ್ ಸಲೋವಿ ಮತ್ತು ಶಾನ್ ಏಕರ್ ಇದನ್ನು 2013ರಲ್ಲಿ ಪ್ರಕಟಿಸಿದರು. ಒಂದು ದೊಡ್ಡ ಹಣಕಾಸು ಸಂಸ್ಥೆಯ 380ಕ್ಕೂ ಹೆಚ್ಚು ನೌಕರರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪು ಒತ್ತಡದ ಕೆಡುಕನ್ನು ಹೇಳುವ ಪುಟ್ಟ ವೀಡಿಯೋಗಳನ್ನು ನೋಡಿತು. ಇನ್ನೊಂದು ಗುಂಪು ಒತ್ತಡ ಮನುಷ್ಯನನ್ನು ಹೇಗೆ ಬೆಳೆಸುತ್ತದೆಂದು ಹೇಳುವ ವೀಡಿಯೋಗಳನ್ನು ನೋಡಿತು. ಮೂರನೆಯ ಗುಂಪು ಏನನ್ನೂ ನೋಡಲಿಲ್ಲ. ಒಳಿತಿನ ಮುಖವನ್ನು ಕಂಡವರು ಆ ಬಳಿಕ ತಮ್ಮ ಆರೋಗ್ಯದ ತೊಂದರೆಗಳು ಕಡಿಮೆಯಾದವೆಂದೂ ಕೆಲಸ ಸುಧಾರಿಸಿತೆಂದೂ ಹೇಳಿದರು. ಇದು ಅವರು ತಮ್ಮ ಬಗ್ಗೆ ತಾವೇ ಕೊಟ್ಟ ಹೇಳಿಕೆ ಎಂಬುದನ್ನು ಮರೆಯಬಾರದು. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎರಡು ಬಗೆಯ ವೀಡಿಯೋಗಳಲ್ಲಿಯೂ ಇದ್ದದ್ದು ನಿಜವಾದ ಮಾಹಿತಿಯೇ. ಯಾರಿಗೂ ಸುಳ್ಳು ಹೇಳಿರಲಿಲ್ಲ. ಯಾವ ನಿಜವನ್ನು ಆರಿಸಿ, ಯಾವ ಚಿತ್ರದೊಡನೆ ಮುಂದಿಟ್ಟರು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಗ್ರಾಫಿಕ್ ಡಿಸೈನ್ ಕೆಲಸ ಮಾಡುವ ತಾಣ ಇದೇ.

ಡಿಸೈನ್ ಎಂದರೆ ಅಲಂಕಾರ, ಅಂಚಿಗೆ ಒಂದು ಬಳ್ಳಿ ಬರೆಯುವುದು ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಗೋಜಲನ್ನು ಬಿಡಿಸಿ ತೋರಿಸುವುದು ಅದರ ಮೊದಲ ಧರ್ಮ. ಇದಕ್ಕೆ ಲಂಡನ್ನಿನ ನೆಲದಡಿಯ ರೈಲಿನ ನಕ್ಷೆ ಒಳ್ಳೆಯ ಉದಾಹರಣೆ. ಹಿಂದಿನ ನಕ್ಷೆಗಳು ಹಳಿಗಳು ನಿಜವಾಗಿ ಹೇಗೆ ತಿರುಚಿಕೊಂಡಿವೆಯೋ ಹಾಗೆಯೇ ತೋರಿಸುತ್ತಿದ್ದವು; ನೋಡಿದವರಿಗೆ ತಲೆ ತಿರುಗುತ್ತಿತ್ತು. ಹ್ಯಾರಿ ಬೆಕ್ ಎಂಬ ನಕ್ಷೆಗಾರ ವಿದ್ಯುತ್ ಮಂಡಲದ ನಕ್ಷೆಯಂತೆ ನೇರ ಗೆರೆಗಳು, ಓರೆ ಗೆರೆಗಳು ಮತ್ತು ಮಾರ್ಗಕ್ಕೊಂದು ಬಣ್ಣ ಇಷ್ಟರಲ್ಲಿಯೇ ಎಲ್ಲವನ್ನೂ ಹೊಸದಾಗಿ ಬರೆದ. 1933ರಲ್ಲಿ ಅದು ಜೇಬಿನ ನಕ್ಷೆಯಾಗಿ ಪ್ರಯಾಣಿಕರ ಕೈಸೇರಿತು. ಊರು ಚಿಕ್ಕದಾಗಲಿಲ್ಲ, ದೂರ ಕಡಿಮೆಯಾಗಲಿಲ್ಲ. ಆದರೆ 'ನಾನು ಈಗ ಎಲ್ಲಿದ್ದೇನೆ, ಮುಂದಿನ ನಿಲ್ದಾಣ ಯಾವುದು, ಎಲ್ಲಿ ಗಾಡಿ ಬದಲಿಸಬೇಕು' ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ನೇರಳೆ, ಹಸಿರು ಮಾರ್ಗಗಳ ನಕ್ಷೆಯನ್ನು ನೋಡುವಾಗ ನೀವು ಓದುತ್ತಿರುವುದು ಇದೇ ಪರಂಪರೆಯ ಭಾಷೆಯನ್ನು.

ಪರೀಕ್ಷೆಗೆ ಓದುವವರ ಒತ್ತಡದಲ್ಲಿ ದೊಡ್ಡ ಪಾಲು ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ್ದರಿಂದ ಹುಟ್ಟುತ್ತದೆ. 'ಇನ್ನೂ ಎಷ್ಟೋ ಇದೆ' ಎಂಬ ಮಾತಿನಲ್ಲಿ ಆ 'ಎಷ್ಟೋ' ಎಂಬುದೇ ಹೆದರಿಸುವುದು. ಅದಕ್ಕೆ ಲೆಕ್ಕ ಕೊಟ್ಟರೆ ಅದು ಬೆಟ್ಟವಾಗಿ ಉಳಿಯದೆ ಮೆಟ್ಟಿಲಾಗುತ್ತದೆ. 1920ರ ದಶಕದಲ್ಲಿ ವಿಯೆನ್ನಾ ನಗರದ ಆಟೊ ನ್ಯೂರಾತ್ ಮತ್ತು ಸಂಗಡಿಗರು, ಅಂಕಿ ಅಂಶಗಳನ್ನು ಸಾಮಾನ್ಯ ಜನರಿಗೆ ಚಿತ್ರಗಳಲ್ಲಿ ತಿಳಿಸುವ ಒಂದು ಪದ್ಧತಿಯನ್ನು ರೂಪಿಸಿದರು. ಅವರ ಒಂದು ನಿಯಮ ಬಹಳ ಸರಳ: ಸಂಖ್ಯೆ ಹೆಚ್ಚಾದರೆ ಚಿತ್ರವನ್ನು ದೊಡ್ಡದು ಮಾಡಬೇಡಿ; ಅದೇ ಗಾತ್ರದ ಚಿತ್ರವನ್ನು ಮತ್ತೆ ಮತ್ತೆ ಬರೆಯಿರಿ. ಇದನ್ನು ನಿಮ್ಮ ಪಾಠಗಳಿಗೆ ಅನ್ವಯಿಸಿ ನೋಡಿ. ರಸಾಯನಶಾಸ್ತ್ರವೆಂದರೆ ಒಂದು ದೊಡ್ಡ ಭೂತವಲ್ಲ, ಹತ್ತು ಪುಟ್ಟ ಮಡಕೆಗಳು. ಮೂರು ತುಂಬಿವೆ, ಎರಡು ಅರ್ಧ ಆಗಿವೆ, ಐದು ಖಾಲಿ ಇವೆ. ಗೋಡೆಯ ಮೇಲೆ ಇಷ್ಟನ್ನು ಬರೆದು, ತುಂಬಿದಂತೆಲ್ಲ ಬಣ್ಣ ಹಚ್ಚುತ್ತ ಹೋದರೆ, ಮಾಡಬೇಕಾದ ಕೆಲಸದ ಜೊತೆಗೆ ಮಾಡಿ ಮುಗಿಸಿದ ಕೆಲಸವೂ ಕಣ್ಣಿಗೆ ಬೀಳುತ್ತದೆ. ಭಯಕ್ಕೆ ಮುಗಿಸಿದ್ದು ಕಾಣಿಸುವುದೇ ಇಲ್ಲ. ಕಾಣಿಸುವಂತೆ ಮಾಡುವುದು ಚಿತ್ರದ ಕೆಲಸ.

ಆದರೆ ಚಿತ್ರ ಸರಳವಾಗುವ ಭರದಲ್ಲಿ ತಪ್ಪು ಹೇಳಲೂಬಹುದು. ಒತ್ತಡದ ಬಗ್ಗೆ ಪುಸ್ತಕಗಳಲ್ಲಿ ಒಂದು ಗುಡ್ಡದಾಕಾರದ ಗೆರೆಯನ್ನು ನೀವು ನೋಡಿರಬಹುದು. ಒತ್ತಡ ಏರಿದಂತೆ ಕೆಲಸ ಉತ್ತಮವಾಗುತ್ತ ಹೋಗಿ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ ಎಂದು ಆ ಗೆರೆ ಹೇಳುತ್ತದೆ. ಇದರ ಮೂಲ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಪರೀಕ್ಷಿಸಿದ್ದು ಇಲಿಗಳನ್ನು, ವಿದ್ಯಾರ್ಥಿಗಳನ್ನಲ್ಲ. ಬೆಳಕಿನ ಪೆಟ್ಟಿಗೆ ಯಾವುದು, ಕತ್ತಲೆಯದು ಯಾವುದು ಎಂದು ಇಲಿಗಳು ಕಲಿಯಬೇಕಿತ್ತು. ತಪ್ಪಿದರೆ ವಿದ್ಯುತ್ತಿನ ಆಘಾತ. ವ್ಯತ್ಯಾಸ ಸುಲಭವಾಗಿ ತಿಳಿಯುವಂತಿದ್ದಾಗ ಜೋರಾದ ಆಘಾತ ಕೊಟ್ಟರೂ ಅವು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಹದವಾದ ಆಘಾತವೇ ಹೆಚ್ಚು ಫಲ ಕೊಟ್ಟಿತು. ಅಂದರೆ, ಕೆಲಸ ಕಠಿಣವಾದಷ್ಟೂ ಹೊರಗಿನ ಒತ್ತಾಯ ಕಡಿಮೆ ಇರಬೇಕೆಂಬುದು ಅದರ ಸೂಚನೆ. ಒಂದೇ ಗುಡ್ಡವನ್ನು ಬರೆದಾಗ ಈ ಮುಖ್ಯವಾದ ಮಾತೇ ಬಿಟ್ಟುಹೋಯಿತು. ನೀವು ಇದನ್ನು ಭಿತ್ತಿಪತ್ರ ಮಾಡುವುದಾದರೆ ಎರಡು ಗೆರೆಗಳನ್ನು ಬರೆಯಿರಿ. ಬರೆದು, ಮಕ್ಕಳಿಗೆ ಮಾತ್ರವಲ್ಲದೆ ತಂದೆತಾಯಿಗಳಿಗೂ ಕಾಣುವ ಕಡೆ ಅಂಟಿಸಿ.

ಈಗ ನಮ್ಮ ಭಾಷೆಯ ಕಡೆಗೆ ಬರೋಣ. ಒಳ್ಳೆಯ ವಿನ್ಯಾಸಕಾರ ಚಿತ್ರಕ್ಕಾಗಿ ಹೊರದೇಶಕ್ಕೇ ಹೋಗಬೇಕಾಗಿಲ್ಲ. ತನ್ನ ಅಕ್ಷರಮಾಲೆಯನ್ನು ನೋಡಿದರೂ ಸಾಕು. 'ಒತ್ತಡ' ಎಂಬ ಪದದಲ್ಲಿಯೇ 'ಒತ್ತು' ಇದೆ. ಒತ್ತು ಎಂದರೆ ಅದುಮು. ಒತ್ತು ಎಂದರೆ ಪ್ರಾಮುಖ್ಯವೂ ಹೌದು. 'ಈ ವಿಷಯಕ್ಕೆ ಒತ್ತು ಕೊಡಿ' ಎನ್ನುತ್ತೇವೆ. 'ಒತ್ತಾಸೆ' ಎಂದರೆ ಬೆಂಬಲ. ಜೊತೆಗೆ ನಮ್ಮ ಲಿಪಿಯಲ್ಲಿ ಒತ್ತಕ್ಷರವಿದೆ. ಒಂದು ಹಾಳೆಯ ಮೇಲೆ ದೊಡ್ಡದಾಗಿ 'ಕನಡ' ಎಂದು ಬರೆಯಿರಿ. ಏನೋ ಕೊರತೆ, ಓದಲು ತೊಡಕು. ಈಗ ನಕಾರದ ಕೆಳಗೆ ಬೇರೆ ಬಣ್ಣದಲ್ಲಿ ಒಂದು ಒತ್ತನ್ನು ಕೊಡಿ: 'ಕನ್ನಡ'. ಹಾಗೆಯೇ 'ಶಕಿ'ಗೆ ಒತ್ತು ಬಿದ್ದರೆ 'ಶಕ್ತಿ'. 'ಉತರ'ಕ್ಕೆ ಒತ್ತು ಬಿದ್ದರೆ 'ಉತ್ತರ'. ಕೆಳಗೆ ಒಂದೇ ಸಾಲು: 'ಒತ್ತು ಬಿದ್ದಾಗಲೇ ಅರ್ಥ'.

ಈ ಚಿತ್ರದಲ್ಲಿ ಇನ್ನೊಂದು ಸೊಗಸಿದೆ. ಹೊರೆ ತಲೆಯ ಮೇಲಿರುತ್ತದೆ, ಒತ್ತಕ್ಷರ ಕೆಳಗಿರುತ್ತದೆ. ಮೇಲಿನಿಂದ ತುಳಿಯುವ ಒತ್ತಡವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಒತ್ತಾಸೆಯಾಗಿ ಅದು ತೋರಿಸುತ್ತದೆ. ಮತ್ತೊಂದು ಎಚ್ಚರಿಕೆಯೂ ಅದರಲ್ಲಿದೆ. ಒಂದು ಅಕ್ಷರಕ್ಕೆ ಒಂದು ಒತ್ತು ಸಹಜ. 'ರಾಷ್ಟ್ರ'ದಲ್ಲಿರುವಂತೆ ಎರಡನ್ನೂ ತಾಳಿಕೊಳ್ಳುತ್ತದೆ. ಒಂದೇ ಅಕ್ಷರದ ಕೆಳಗೆ ಐದು ಒತ್ತುಗಳನ್ನು ಪೇರಿಸಿ ಬರೆದರೆ ಯಾವ ಪಂಡಿತನೂ ಓದಲಾರ. ಆಗ ತಪ್ಪು ಅಕ್ಷರದ್ದಲ್ಲ; ಪೇರಿಸಿದವರದ್ದು.

ಮಿತ್ರರೇ, ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಒತ್ತಡ ಒಳ್ಳೆಯದು' ಎಂದು ಗೋಡೆಯ ಮೇಲೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆ ಗೋಡೆಯ ಮುಂದೆ ಯಾರು ನಿಂತಿದ್ದಾರೆ ಎಂಬುದನ್ನು ಬರೆದವರು ಕೇಳಿಕೊಳ್ಳಬೇಕು. 1939ರಲ್ಲಿ, ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ಬ್ರಿಟಿಷ್ ಸರ್ಕಾರ ಜನರಿಗೆ ಧೈರ್ಯ ತುಂಬಲು ಮೂರು ಭಿತ್ತಿಪತ್ರಗಳನ್ನು ಸಿದ್ಧಪಡಿಸಿತು. ಅವುಗಳಲ್ಲಿ ಒಂದರ ಒಕ್ಕಣೆ ಹೀಗಿತ್ತು: ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢತೆ ನಮಗೆ ಜಯ ತರುವುವು. ಅಕ್ಷರ ಸುಂದರ, ಬಣ್ಣ ಗಂಭೀರ, ಮೇಲೆ ಕಿರೀಟ. ಆದರೂ ಟೀಕೆ ಬಂತು. ಕಷ್ಟಪಡುವವರು 'ನೀವು', ಗೆಲ್ಲುವವರು 'ನಾವು' ಎಂದು ಜನ ಅದನ್ನು ಓದಿಕೊಂಡರು. 'ಶಾಂತವಾಗಿರಿ, ಮುಂದೆ ಸಾಗಿರಿ' ಎಂಬ ಅರ್ಥದ ಇನ್ನೊಂದು ಪತ್ರದ ಸುಮಾರು 25 ಲಕ್ಷ ಪ್ರತಿಗಳು ಅಚ್ಚಾದರೂ ಗೋಡೆಗೆ ಏರಿದ್ದು ತೀರಾ ವಿರಳ. 2000ದಲ್ಲಿ ಇಂಗ್ಲೆಂಡಿನ ಒಂದು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಒಂದು ಪ್ರತಿ ದೊರೆತ ಬಳಿಕವೇ ಅದು ಲೋಕವಿಖ್ಯಾತವಾದದ್ದು.

ಕಾಲೇಜಿನ ಗೋಡೆಗೂ ಈ ಪಾಠ ಅನ್ವಯಿಸುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ಹೇಳುತ್ತದೆ. ಇಂಥ ಸಾವುಗಳಿಗೆ ಕಾರಣ ಒಂದೇ ಆಗಿರುವುದಿಲ್ಲ. ಹಣದ ಮುಗ್ಗಟ್ಟು, ಮನೆಯ ಸಂಕಟ, ಅವಮಾನ, ಖಿನ್ನತೆಯ ಕಾಯಿಲೆ ಹೀಗೆ ಹಲವು ಸೇರಿಕೊಂಡಿರುತ್ತವೆ. ಇವು ಯಾವುವೂ 'ಯೂಸ್ಟ್ರೆಸ್' ಅಲ್ಲ. ವಾರಗಟ್ಟಲೆ ನಿದ್ದೆ ಬಾರದವನಿಗೆ, ಊಟ ಸೇರದವಳಿಗೆ, ಯಾವುದರಲ್ಲಿಯೂ ಮನಸ್ಸು ನಿಲ್ಲದವರಿಗೆ 'ಒತ್ತಡವನ್ನು ಆನಂದಿಸಿ' ಎಂಬ ಭಿತ್ತಿಪತ್ರ ತೋರಿಸುವುದು, ಮುಳುಗುತ್ತಿರುವವನಿಗೆ ದಡದಿಂದ ಈಜಿನ ಮಹಿಮೆಯನ್ನು ಹೇಳಿದಂತೆ. ಅವನಿಗೆ ಬೇಕಾದದ್ದು ಹಗ್ಗ.

ಆದ್ದರಿಂದ ಒಳ್ಳೆಯ ಭಿತ್ತಿಪತ್ರದ ಒಂದು ಮೂಲೆಯಲ್ಲಿ ಆ ಹಗ್ಗವೂ ಇರಲೇಬೇಕು. ಭಾರತ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಮುಖ್ಯ ಕೇಂದ್ರ. ಈ ಸಂಖ್ಯೆಯನ್ನು ಇರುವೆಯ ಗಾತ್ರದ ಅಕ್ಷರದಲ್ಲಿ ಅಲ್ಲ, ಹತ್ತು ಅಡಿ ದೂರದಿಂದ ಕಾಣುವಂತೆ ಬರೆಯಿರಿ. ಮಾತನಾಡಿಸಬಹುದಾದ ಅಧ್ಯಾಪಕರು ಯಾವ ಕೊಠಡಿಯಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತಾರೆಂಬುದನ್ನೂ ಬರೆಯಿರಿ. ಡಿಸೈನ್ ಎಂದರೆ ಇದೂ ಹೌದು.

ಪದಗಳ ಆಯ್ಕೆಯಲ್ಲಿಯೂ ಡಿಸೈನ್ ಇದೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರಿಗೆ ಹಿಂದೆ 'ಪೂರಕ ಪರೀಕ್ಷೆ' ಎಂಬುದಿತ್ತು. ಆ ಹೆಸರಿನಲ್ಲಿಯೇ 'ಇವರು ಸೋತವರು' ಎಂಬ ಮುದ್ರೆ ಬಿದ್ದಿರುತ್ತಿತ್ತು. 2024ರಲ್ಲಿ ಅದರ ಬದಲಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ನಡೆಸಲಾಯಿತು. ಒಂದು ಕೂದಲೆಳೆಯಷ್ಟು ಮಾತಿನ ಬದಲಾವಣೆ. ಆದರೆ ಮುಚ್ಚಿದ ಬಾಗಿಲು ಎರಡನೆಯ ನಿಲ್ದಾಣವಾಗಿ ಕಂಡಿತು. ಇಲ್ಲಿ ಹೆಸರು ಮಾತ್ರವಲ್ಲ, ವ್ಯವಸ್ಥೆಯೂ ಬದಲಾಗಿತ್ತು ಎಂಬುದನ್ನು ಗಮನಿಸಿ. ಚಿತ್ರ ಮತ್ತು ವ್ಯವಸ್ಥೆ ಕೈಹಿಡಿದು ನಡೆದಾಗಲೇ ನಂಬಿಕೆ ಹುಟ್ಟುವುದು.

ನೀವೂ ಈ ಕೆಲಸಕ್ಕೆ ಕೈಹಾಕಬಹುದು. ಕಂಪ್ಯೂಟರ್ ಬೇಕೆಂದೇನಿಲ್ಲ; ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು ಸಾಕು. ಮೊದಲು ನಿಮ್ಮ ತರಗತಿಯ ಹತ್ತು ಜನರನ್ನು ಕೇಳಿ: ಪರೀಕ್ಷೆಯ ಹಿಂದಿನ ದಿನ ನಿಮಗೆ ಏನನ್ನಿಸುತ್ತದೆ? ಅವರ ಮಾತುಗಳಲ್ಲಿಯೇ ಬರೆದುಕೊಳ್ಳಿ. ಆ ಮಾತುಗಳಿಂದಲೇ ಒಂದು ಸಾಲನ್ನು ಆರಿಸಿ. 'ನೀವು' ಎನ್ನುವ ಕಡೆ 'ನಾವು' ಎಂದು ಬರೆದು ನೋಡಿ. ಪರೀಕ್ಷಾ ಕೊಠಡಿಯ ಹೊರಗೆ ಅಂಟಿಸುವುದಾದರೆ ಮನುಷ್ಯನ ಆಕೃತಿ ಬರೆದು, ಬಡಿಯುವ ಎದೆಗೆ 'ಮೆದುಳಿಗೆ ರಕ್ತ ಕಳಿಸುತ್ತಿದೆ' ಎಂದೂ, ಚುರುಕಾದ ಉಸಿರಿಗೆ 'ಪ್ರಾಣವಾಯು ತರುತ್ತಿದೆ' ಎಂದೂ ಗುರುತು ಹಾಕಿ. ಅಲ್ಲಿ ನಿಲ್ಲುವವರಿಗೆ ಓದಲು ಹೆಚ್ಚು ಹೊತ್ತಿರುವುದಿಲ್ಲ. ಆದ್ದರಿಂದ ಮಾತು ಕಡಿಮೆ ಇರಲಿ. ವಿದ್ಯಾರ್ಥಿನಿಲಯದ ಫಲಕಕ್ಕಾದರೆ ಸ್ವಲ್ಪ ವಿವರವಾಗಿಯೇ ಇರಲಿ. ಬಣ್ಣದ ವಿಚಾರದಲ್ಲಿಯೂ ಯೋಚಿಸಿ. ಕೆಂಪು ನಮಗೆ ಕುಂಕುಮದ ಬಣ್ಣ, ನಾಡಧ್ವಜದ ಬಣ್ಣ. ಉತ್ತರಪತ್ರಿಕೆಯಲ್ಲಿ ಮಾತ್ರ ಅದು ತಪ್ಪಿನ ಬಣ್ಣ. ಎಲ್ಲಿ ಅಂಟಿಸುತ್ತೀರಿ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಕೊನೆಗೆ, ಚಿತ್ರ ಮುಗಿದ ಮೇಲೆ, ತರಗತಿಯಲ್ಲಿ ಅತ್ಯಂತ ಮೌನವಾಗಿರುವ ಸಹಪಾಠಿಗೆ ಮೊದಲು ತೋರಿಸಿ. ಅವರ ಮುಖ ಒಂದಿಷ್ಟು ಸಡಿಲವಾದರೆ ಅಂಟಿಸಿ. ಇನ್ನಷ್ಟು ಬಿಗಿಯಾದರೆ ಹಾಳೆಯನ್ನು ಮಡಿಸಿಟ್ಟು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅಕ್ಷರದ ಕೆಳಗೆ ಒತ್ತು ನಿಲ್ಲುವಂತೆ ಒಬ್ಬರು ಇನ್ನೊಬ್ಬರಿಗೆ ಒತ್ತಾಸೆಯಾಗಿ ನಿಲ್ಲುವುದು ಯಾವ ಭಿತ್ತಿಪತ್ರಕ್ಕಿಂತಲೂ ದೊಡ್ಡ ಕೆಲಸ.